ಯಾರೂ ಮುಟ್ಟದ ಸಂಖ್ಯೆ

೧೯೯೯ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ದಾವಣಗೆರೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಧೂಳು ಒರೆಸುತ್ತಲೇ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಯಾರೂ ಕೂಡಿಸಿಕೊಂಡು ಹೇಳಿಕೊಡಲಿಲ್ಲ. ಇದನ್ನು ನಾನು ಬೇಕೆಂದೇ ಎಲ್ಲರಿಗೂ ಹೇಳುತ್ತೇನೆ.

ಲಾರಿ, ಟ್ರ್ಯಾಕ್ಟರ್ ತೂಗುವ ವೇಬ್ರಿಡ್ಜ್‌ಗಳಿಗಾಗಿ ಒಂದು ಲೈಬ್ರರಿ ಬರೆದಿದ್ದೇನೆ. ಅಂದರೆ, ಬೇರೆ ಪ್ರೋಗ್ರಾಂಗಳು ಎತ್ತಿಕೊಂಡು ಬಳಸುವ ಸಿದ್ಧ ಕೋಡು. ಅದು ತೂಕದ ಚೀಟಿ ಮುದ್ರಿಸುತ್ತದೆ, ಗಾಡಿಯ ಫೋಟೊ ಸಣ್ಣದು ಮಾಡಿ ಆಫೀಸಿಗೆ ಕಳಿಸುತ್ತದೆ. ಕಂಪ್ಯೂಟರಿನೊಳಗೆ ಫೋಟೊ ಕೆಲಸ ಹಂಚಿಕೊಳ್ಳುವ ಆಳುಗಳಿಗೆ ಥ್ರೆಡ್ ಎನ್ನುತ್ತಾರೆ. ಒಟ್ಟಿಗೆ ಎಷ್ಟು ಆಳು ಇಳಿಯಬೇಕೆಂದು ಬಳಸುವವರು ಹೇಳದಿದ್ದರೆ ನಾನು ಬರೆದಿಟ್ಟ ಸಂಖ್ಯೆಯೇ ನಡೆಯುತ್ತದೆ. ನಾನು ಮೂವತ್ತೆರಡು ಎಂದು ಬರೆದಿದ್ದೆ. ನನ್ನ ಹೊಸ ಕಂಪ್ಯೂಟರಿನಲ್ಲಿ ಅಷ್ಟು ಆಳು ಬಿಟ್ಟರೆ ನೂರು ಫೋಟೊ ನೋಡನೋಡುತ್ತಲೇ ಮುಗಿಯುತ್ತಿದ್ದವು. ಗಿರಾಕಿಗಳಿಗೆ ಅದನ್ನು ತೋರಿಸುವುದು ನನಗೊಂದು ಚಟವಾಗಿತ್ತು.

ಕಳೆದ ಭತ್ತದ ಸುಗ್ಗಿಯಲ್ಲಿ ಮಲೆಬೆನ್ನೂರಿನ ರೈಸ್‌ಮಿಲ್ ಮಾಲೀಕರ ಫೋನು ಬಂತು.

“ಟ್ರ್ಯಾಕ್ಟರ್ ಸಾಲು ರೋಡಿಗೆ ಬಂದೈತ್ರಿ. ಚೀಟಿನೇ ಬರ್ತಿಲ್ಲ. ನಿಮ್ದು ತೆಗೆಸಿ ಬ್ಯಾರೆಯವರ್ದು ಹಾಕಿಸ್ತೀನಿ ನೋಡ್ರಿ.”

ಬಸ್ಸು ಹತ್ತಿದೆ. ಹರಿಹರದಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯುವಾಗ ಕೂತಲ್ಲಿ ಕೂರಲಾಗಲಿಲ್ಲ. ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆದೆ. ಚಹಾ ತೆಗೆದುಕೊಂಡು ಅರ್ಧಕ್ಕೇ ಬಿಟ್ಟೆ. ಅವರ ಕಂಪ್ಯೂಟರ್ ಹಳೆಯದು, ಸಂಖ್ಯೆ ಬದಲಿಸಲು ಸೆಟ್ಟಿಂಗ್ ಕೊಟ್ಟಿದ್ದೇನೆ, ತಪ್ಪು ನನ್ನದು ಹೇಗಾಗುತ್ತದೆ? ಇದನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದೆ.

ಮಿಲ್ಲಿನ ತೂಕದ ಕೋಣೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು ನಡೆದದ್ದು ಹೇಳಿದರು. ಬೆಳಿಗ್ಗೆ ಎರಡು ತಾಸು ನೆಟ್ ಇರಲಿಲ್ಲ. ಬಂದ ಕೂಡಲೇ, ಕೂಡಿಬಿದ್ದಿದ್ದ ಫೋಟೊಗಳ ಮೇಲೆ ಮೂವತ್ತೆರಡೂ ಆಳು ಒಟ್ಟಿಗೆ ಬಿದ್ದಿದ್ದವು. ಅದು ಎರಡೇ ಕೋರಿನ ಯಂತ್ರ, ಅಂದರೆ ಒಂದು ಹೊತ್ತಿಗೆ ಎರಡೇ ಆಳಿಗೆ ಕೆಲಸ ಕೊಡಬಲ್ಲದ್ದು. ಚೀಟಿಗೆ ಉಸಿರಾಡಲೂ ಜಾಗವಿರಲಿಲ್ಲ.

“ಅಕ್ಕಾ, ಸಂಖ್ಯೆ ಕಮ್ಮಿ ಮಾಡಾಕೆ ಸೆಟ್ಟಿಂಗ್‌ನಾಗೆ ಜಾಗ ಕೊಟ್ಟೀನಲ್ರಿ, ನೋಡಿಲ್ಲೇನು?”

“ನೋಡೀನಿ ಅಣ್ಣಾ. ತಿಳಿದೋರು ಹಾಕಿದ್ದು, ನಾವ್ಯಾಕ ಮುಟ್ಟಿ ಕೆಡಸೋದು ಅಂತ ಬಿಟ್ಟೆ.”

ಅವರು ಬಿ.ಕಾಂ. ಮುಗಿಸಿದವರು. ಬೇರೆ ದಿನವಾಗಿದ್ದರೆ ಅವರ ಬಾಯಲ್ಲಿ ‘ತಿಳಿದೋರು’ ಎಂದು ಕೇಳಿ ಹಿಗ್ಗಿಬಿಡುತ್ತಿದ್ದೆ. ಉರು ಹೊಡೆದು ತಂದಿದ್ದ ಮಾತು ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ಎರಡು ಕೋರು, ಮೂವತ್ತೆರಡು ಆಳು ಎಂದು ವಿವರಿಸಿದಾಗ ಅವರು ಪರದೆಯಿಂದ ಕಣ್ಣು ತೆಗೆಯದೆ ಅಂದರು:

“ಎರಡು ಒಲೆ ಮುಂದೆ ಮೂವತ್ತೆರಡು ಮಂದಿ ಅತ್ತೇರು ನಿಂತ್ರೆ ಅನ್ನ ಆಕೈತೇನಣ್ಣಾ?”

ಸಂಖ್ಯೆಯನ್ನು ಒಂದಕ್ಕೆ ಇಳಿಸಿದೆ. ಫೋಟೊ ನಿಧಾನವಾಗಿ ಹೋಗತೊಡಗಿದವು, ಚೀಟಿ ತಡೆಯಿಲ್ಲದೆ ಬಂತು. ಸಾಲು ಕರಗುವಷ್ಟರಲ್ಲಿ ಮಾಲೀಕರು ಒಳಗೆ ಬಂದರು.

“ತಪ್ಪು ನಂದೇ ರೀ,” ಅಂದೆ. ಆ ಮೂರು ಶಬ್ದಕ್ಕೆ ಪಟ್ಟ ಪಾಡು ನನಗೇ ಗೊತ್ತು.

“ಇರ್ಲಿ ಬಿಡ್ರಿ. ಆದ್ರೆ ಆ ಬ್ಯಾರೆಯವ್ರಿಗೆ ಬರ್ರಿ ಅಂದುಬಿಟ್ಟೀನಿ. ಸುಗ್ಗಿಯಾಗೆ ಇನ್ನೊಂದು ಸಲ ಹಿಂಗಾದ್ರೆ ನನ್ ಕೈಲಾಗಂಗಿಲ್ಲ.”

ಮರುದಿನದಿಂದಲೇ ಮಿಕ್ಕ ಕಡೆ ತಿರುಗಿದೆ. ಅಲ್ಲೆಲ್ಲ ಅದೇ ಸಂಖ್ಯೆ, ಒಬ್ಬರೂ ಮುಟ್ಟಿರಲಿಲ್ಲ. ಈಗ ಲೈಬ್ರರಿ ಮೊದಲು ಯಂತ್ರವನ್ನೇ ಕೇಳುತ್ತದೆ, ನಿನಗೆಷ್ಟು ಕೋರು ಎಂದು. ಫೋಟೊ ಸಣ್ಣದು ಮಾಡಲು ಅದಕ್ಕಿಂತ ಒಂದು ಕಡಿಮೆ ಆಳು, ಕೊನೆಗೆ ಒಂದಾದರೂ. ಫೋಟೊ ಕಳಿಸುವಂಥ, ನೆಟ್‌ಗೆ ಕಾಯುತ್ತಾ ನಿಲ್ಲುವುದೇ ಕೆಲಸವಾದ ಕಡೆ ಮಾತ್ರ ನಾಲ್ಕು. ಇಷ್ಟಾದರೂ ಯಾವುದಾದರೂ ಊರಲ್ಲಿ ನೆಟ್ ಹೋಗಿದೆಯೆಂದು ಕೇಳಿದರೆ ಊಟದ ತಟ್ಟೆ ಬಿಟ್ಟು ಏಳುತ್ತೇನೆ.

ನನ್ನ ಲೈಬ್ರರಿ ನಡೆಯುವ ವೇಬ್ರಿಡ್ಜ್‌ಗಳು ಹನ್ನೆರಡಿದ್ದವು. ಈಗ ದಾವಣಗೆರೆಯಲ್ಲಿ ನಾಲ್ಕು, ಹರಿಹರದಲ್ಲಿ ಐದು, ಗುತ್ತೂರಿನಲ್ಲಿ ಎರಡು, ಒಟ್ಟು ಹನ್ನೊಂದು. ಮನೆಯಲ್ಲಿ ಎರಡು ಕಂಪ್ಯೂಟರು, ಅದರಲ್ಲೊಂದು ಪರೀಕ್ಷೆಗೆಂದೇ ಹುಡುಕಿ ತಂದ ಹಳೆಯದು.