ಅಕ್ಕನಿಗೆ ಉಳಿದ ಒಂದೇ ಪ್ಲೇಟು

ಭಾವ ತೀರಿಹೋಗಿ ಬಹಳ ಕಾಲವಾಯಿತು. ಅವರ ಮೇಲಿನ ಸಿಟ್ಟು ಮಾತ್ರ ನನಗಿನ್ನೂ ಪೂರ್ತಿ ಇಳಿದಿಲ್ಲ.

ಬ್ರಿಟಿಷರ ಕಾಲ. ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಗಾಳಿಬೀಡಿನಲ್ಲಿದ್ದ ಅಕ್ಕನಿಗೆ ಮೂರನೆಯ ಹೆರಿಗೆಯಾಗಿತ್ತು, ಮೂರನೆಯದೂ ಹೆಣ್ಣು. ನಮ್ಮಮ್ಮ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಕೂಸಿನ ಜೊತೆ ತನ್ನದೊಂದು ಫೋಟೋ ತೆಗೆಯಬೇಕೆಂದು ಅಕ್ಕ ಹೇಳಿಕಳಿಸಿದ್ದಳು. ಮೊದಲ ಎರಡು ಸಲವೂ ಆಸೆಪಟ್ಟು ಸುಮ್ಮನಾಗಿದ್ದವಳು.

ನಾನು ಹೋದಾಗ ಭಾವ ಕೋವಿ ಹಿಡಿದು ಅಂಗಳದಲ್ಲೇ ಕಾದಿದ್ದರು. ನಿಂತು ಒಂದು, ಕೂತು ಒಂದು, ನಾಯಿಯ ಜೊತೆ ಒಂದು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಫೋಟೋಕ್ಕೆ ಒಂದು ಗಾಜಿನ ಪ್ಲೇಟು ಬೇಕು, ನಾನು ತಂದದ್ದು ನಾಲ್ಕೇ. ಒಳಗೆ ಹೋಗುವಷ್ಟರಲ್ಲಿ ಉಳಿದದ್ದು ಒಂದೇ ಪ್ಲೇಟು.

ಬಾಣಂತಿ ಕೋಣೆಗೆ ಇದ್ದದ್ದು ಅಂಗೈಯಗಲದ ಕಿಟಕಿ. ಮೆಗ್ನೀಸಿಯಂ ಪುಡಿ ಉರಿಸಿದರೆ ಬೆಳಕೇನೋ ಬರುತ್ತಿತ್ತು. ಆದರೆ ಎಳೆಗೂಸಿನ ಹತ್ತಿರ ಆ ಸದ್ದು, ಆ ಹೊಗೆ ಹೇಗೆ? ಲೆನ್ಸಿನ ಬಾಯಿ ಕಿರಿದು ಮಾಡಿದರೆ ಎಲ್ಲವೂ ಸ್ಪಷ್ಟವಾಗಿ ಮೂಡುತ್ತದೆ, ಆದರೆ ಅಷ್ಟು ಹೊತ್ತು ಕೂಸು ಅಲುಗದೆ ಇರಬೇಕು. ಪೂರ್ತಿ ತೆರೆದರೆ ಬೇಗ ಮುಗಿಯುತ್ತದೆ, ಆದರೆ ಒಂದೇ ದೂರದಲ್ಲಿರುವುದಷ್ಟೇ ಸ್ಪಷ್ಟ. ನಾನು ಪೂರ್ತಿ ತೆರೆದೆ. ಕೂಸಿನ ಕೆನ್ನೆಯನ್ನು ತನ್ನ ಕೆನ್ನೆಗೆ ಒತ್ತಿಕೊಳ್ಳಲು ಅಕ್ಕನಿಗೆ ಹೇಳಿದೆ. ನೆರಳು ಬಿದ್ದ ಕಡೆಗೆ ಬಿಳಿ ಪಂಚೆ ಕಟ್ಟಿ ಕಿಟಕಿಯ ಬೆಳಕನ್ನು ತಿರುಗಿಸಿದೆ.

ಹಾಲು ಕುಡಿದ ಕೂಸು ನಿದ್ದೆ ಹೋಯಿತು. ಲೆನ್ಸಿನ ಮುಚ್ಚಳ ತೆಗೆದು ನಾಲ್ಕು ಸೆಕೆಂಡು ಎಣಿಸಬೇಕಿತ್ತು. ಎರಡು ಎನ್ನುವಾಗ ಭಾವ ಬಾಗಿಲು ದೂಡಿ, ಕ್ಯಾಮೆರಾದ ಮುಂದೆಯೇ ಹಾದುಬಂದರು. ಕೊನೆಯ ಪ್ಲೇಟೂ ಹಾಳಾಯಿತು.

"ಊಟಕ್ಕೆ ಬಾ. ಹೆಣ್ಣುಕೂಸಿನ ಫೋಟೋಕ್ಕೆ ಇಷ್ಟು ಹೊತ್ತು ಎಂತಕ್ಕೆ ಮಾರಾಯ?"

ಅಕ್ಕ ಗೋಡೆಯ ಕಡೆ ತಿರುಗಿದಳು. ನಾನು ಊಟ ಮಾಡದೆ ಹೊರಟುಬಂದೆ.

ಮುಂದಿನ ವಾರ ಭಾವ ಸ್ಟುಡಿಯೋಕ್ಕೆ ಬಂದು ತಮ್ಮ ಚಿತ್ರಗಳನ್ನು ಕೇಳಿದರು.

"ಅಕ್ಕನದ್ದು ಆಗಲಿ, ಮತ್ತೆ ಕೊಡ್ತೇನೆ" ಎಂದೆ.

"ಹೆಣ್ಣು ಕೊಟ್ಟ ಮನೆಯವ ನನಗೆ ಷರತ್ತು ಹಾಕ್ತೀಯಾ?"

"ಹಾಕ್ತೇನೆ ಭಾವ. ಆ ಒಂದು ಪ್ಲೇಟನ್ನೂ ಅವಳಿಗೆ ಉಳಿಸಲಿಲ್ಲ ನೀವು."

ಮುಖ ಕೆಂಪಗೆ ಮಾಡಿಕೊಂಡು ಹೋದರು. ಸ್ವಲ್ಪ ದಿನಕ್ಕೆ ಅವರೇ ಬರಹೇಳಿದರು. ಹೆಂಡತಿಯ ಆಸೆಗೆ ಅಲ್ಲ, ಕೋವಿ ಹಿಡಿದ ತಮ್ಮ ಚಿತ್ರದ ಆಸೆಗೆ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಆದರೂ ಹೊಸ ಪೆಟ್ಟಿಗೆ ಪ್ಲೇಟು ತೆಗೆದುಕೊಂಡು ಹೋದೆ, ಕೋಣೆಯ ಒಳಗಿಂದ ಚಿಲಕ ಹಾಕಿದೆ.

ಒಂದರಲ್ಲಿ ಕೂಸು ಕೈ ಆಡಿಸಿತು. ಇನ್ನೊಂದು ಚೆನ್ನಾಗಿ ಬಂತೆಂದು ನನಗೆ ಅನ್ನಿಸಿತು. ಅಷ್ಟರಲ್ಲಿ ಅಕ್ಕ, "ದೊಡ್ಡವರಿಬ್ಬರನ್ನೂ ಕರಿ, ಒಟ್ಟಿಗೆ ತೆಗಿ" ಎಂದಳು. ಹಿಂದೆ ಮುಂದೆ ಕೂತ ನಾಲ್ವರೂ ಕಾಣಬೇಕೆಂದು ಲೆನ್ಸನ್ನು ಕೊಂಚ ಕಿರಿದು ಮಾಡಿ, ಹೆಚ್ಚು ಹೊತ್ತು ತೆರೆದಿಟ್ಟೆ. ದೊಡ್ಡವಳು ನಗು ತಡೆಯಲಾರದೆ ಅಲುಗಿದಳು.

ಅಕ್ಕ ಗೋಡೆಗೆ ಹಾಕಿಸಿದ್ದು ದೊಡ್ಡವಳ ಮುಖ ಮಸುಕಾದ ಆ ಚಿತ್ರವನ್ನೇ. ಭಾವ ತಮ್ಮ ಕೋವಿಯ ಚಿತ್ರಕ್ಕೆ ದೊಡ್ಡ ಕಟ್ಟು ಹಾಕಿಸಿ ಅದರ ಮೇಲ್ಗಡೆಯೇ ತೂಗುಹಾಕಿಸಿದರು. ಆ ಮನೆಗೆ ಹೋದಾಗಲೆಲ್ಲ ಅದನ್ನು ಕಂಡು ನನಗೆ ಮೈ ಉರಿಯುತ್ತಿತ್ತು.