ಕಿಟಕಿಗೆ ಕಟ್ಟಿದ ಮೊಬೈಲು

ಇಳಕಲ್‌ನಲ್ಲಿ ನಮ್ಮ ಪಕ್ಕದ ಮನೆಯಾತ ನೇಕಾರ. ಮಗ್ಗದ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಸೀರೆಯ ದಡಿಯ ನಮೂನೆಗಳನ್ನು ಊರೂರಿನ ವ್ಯಾಪಾರಿಗಳಿಗೆ ಕಳಿಸುತ್ತಿದ್ದ. ಇಂಟರ್ನೆಟ್ಟಿಗೆ ಮೊಬೈಲೇ ಆಧಾರ. ಅದನ್ನು ಕಿಟಕಿಯ ಸರಳಿಗೆ ರೇಷ್ಮೆ ಎಳೆಯಿಂದ ಕಟ್ಟಿ, ಕಂಪ್ಯೂಟರಿನ ವೈರು ಸಿಕ್ಕಿಸಿ ಕಾಯುತ್ತಿದ್ದ. ಸಂಪರ್ಕ ಸಿಕ್ಕೊಡನೆ, ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸಿದವನಂತೆ, "ಕೊಂಡಿ ಬಿತ್ತು ನೋಡ್ರಿ" ಅನ್ನುತ್ತಿದ್ದ.

ಆಗಿನ ಕಾಲದ ಮೊಬೈಲು; ಇಂಟರ್ನೆಟ್ಟಿನ ಕೊಂಡಿ ಬಿದ್ದಷ್ಟು ಹೊತ್ತು ಅದಕ್ಕೆ ಯಾರ ಫೋನೂ ಬರುತ್ತಿರಲಿಲ್ಲ.

ಆತನ ಹೆಂಡತಿ ಬಾಗಲಕೋಟೆಯ ದವಾಖಾನೆಯಲ್ಲಿದ್ದಳು. ಆಕೆಯನ್ನು ನೋಡಿಕೊಂಡು ಬಂದ ಮಧ್ಯಾಹ್ನ ಈತ ನಮೂನೆ ಕಳಿಸುತ್ತ ಕೂತಿದ್ದ. ಅಲ್ಲಿ ಆಕೆ ಗಂಡನೊಡನೆ ಮಾತಾಡಬೇಕೆಂದು ತನ್ನ ತಮ್ಮನ ಕೈಲಿ ಮತ್ತೆ ಮತ್ತೆ ಫೋನು ಹಚ್ಚಿಸಿದಳಂತೆ. ವೈರು ತೆಗೆದ ಮೇಲೆ ಬಂದದ್ದು ಆಕೆ ತೀರಿಕೊಂಡ ಸುದ್ದಿ.

ಆತ ಕೆಲಸ ಬಿಡಲಿಲ್ಲ. ಆದರೆ ನಮೂನೆ ಅರ್ಧ ಹೋಗಿರುವಾಗಲೇ ವೈರು ಕೀಳುತ್ತಿದ್ದ. "ತಡೀರಿ, ಯಾರರ ಫೋನ್ ಹಚ್ಚಿರಬೇಕು" ಎಂದು ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದ. ಆಮೇಲೆ ಮತ್ತೆ ಮೊದಲಿನಿಂದ ಶುರು. ಅವಸರದ ವ್ಯಾಪಾರಿಯೂ ಕಾಯುತ್ತಿದ್ದ.

ಒಮ್ಮೆ ನನ್ನೆದುರೇ ಅದು ನಿಜಕ್ಕೂ ರಿಂಗಾಯಿತು. ನೂಲಿನ ಅಂಗಡಿಯವನ ಫೋನು. ಅವನು ಬಾಯಿ ತೆರೆಯುವ ಮೊದಲೇ ಈತ ಅಂದುಬಿಟ್ಟ: "ಹೇಳ, ನಾ ಇಲ್ಲೇ ಅದೇನಿ."