ವಾಲಿಬಾಲಿನ ದೀಪ, ಹೊಡೆಯಾಗದ ಗದ್ದೆ

ಊರಿನವರು ಯಾರಾದರೂ ಹೇಳುವ ಮೊದಲೇ ನಾನೇ ಹೇಳಿಬಿಡುವುದು ಮೇಲು. ಆ ದೀಪದ ಮೋರೆಯನ್ನು ಗದ್ದೆಯ ಕಡೆ ತಿರುಗಿಸಿದವನು ನಾನು. ದೀಪದ ಬೆಳಕೂ ಒಂದು ಗೊಬ್ಬರವೇ ಎಂದು ಗ್ರಾಮಸೇವಕರ ಧ್ವನಿಯಲ್ಲಿ ಸಾರಿದವನೂ ನಾನೇ. ಮೊದಲನೆಯದನ್ನು ಮೂಗು ಉಳಿಸಿಕೊಳ್ಳಲು ಮಾಡಿದೆ, ಎರಡನೆಯದನ್ನು ನಾಲಗೆಯ ತುರಿಕೆಗೆ. ಎರಡಕ್ಕೂ ಆಗ ಚಪ್ಪಾಳೆ ಬಿದ್ದಿತ್ತು ಎಂಬುದನ್ನೂ ಸೇರಿಸುತ್ತೇನೆ. ತಪ್ಪೊಪ್ಪಿಗೆಯಲ್ಲೂ ಸ್ವಲ್ಪ ಜಂಬ ಇರಲಿ.

ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿಗೆ ಕರೆಂಟು ಬಂದು ಒಂದು ವರ್ಷವೂ ಆಗಿರಲಿಲ್ಲ. ಅಪ್ಪಯ್ಯ ಊರ ಶಾಲೆಯ ಮಾಸ್ತರು. ನಾನು ಮ್ಯಾಟ್ರಿಕ್ ಪರೀಕ್ಷೆಗೆ ಎರಡು ಸಲ ಕೂತು, ಮೂರನೆಯ ಸಲಕ್ಕೆ ಶಕ್ತಿ ಕೂಡಿಸಿಕೊಳ್ಳುತ್ತ ಮನೆಯಲ್ಲಿದ್ದೆ. ನನಗೆ ಒಲಿದ ವಿದ್ಯೆ ಒಂದೇ, ಬೇರೆಯವರ ಧ್ವನಿ. ಬಸ್ಸಿನ ಕಂಡಕ್ಟರು ಟಿಕೇಟು ಹರಿಯುತ್ತ ಬೈಯುವುದು, ಅಪ್ಪಯ್ಯ ಸಿಟ್ಟು ಬಂದಾಗ ಮಗ್ಗಿ ಹೇಳಿದ ಹಾಗೆ ಮಾತಾಡುವುದು, ಎಲ್ಲ ನನ್ನ ಗಂಟಲಲ್ಲಿತ್ತು. ಊರೆಲ್ಲ ನಗುತ್ತಿತ್ತು. ಹೆತ್ತ ಆಯಿ ಮಾತ್ರ ಸೊಪ್ಪು ಹೆಚ್ಚುತ್ತ ತಲೆ ಎತ್ತದೆ ಹೇಳುತ್ತಿದ್ದಳು: "ನಿಂಗೆ ಬಾಯಿ ಇದ್ದು, ತಲೆ ಇಲ್ಲೆ."

ದೀಪದ ಕನಸು ಕಂಡವನು ನಮ್ಮ ವಾಲಿಬಾಲ್ ತಂಡದ ಕ್ಯಾಪ್ಟನ್, ಕಿರಾಣಿ ಅಂಗಡಿ ಸಾಹುಕಾರರ ಮಗ. ಅವರ ಮನೆತನ ಹಾವೇರಿ ಕಡೆಯಿಂದ ಬಂದದ್ದು, ಮಾತೂ ಆ ಕಡೆಯದು. ಅಂಗಡಿಯ ಕಟ್ಟೆಯ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ:

"ಇಸಳೂರಿನವ್ರು ಗ್ಯಾಸ್‌ಲೈಟ್ ಹಚ್ಚಿ ಆಡ್ತಾರಂತ. ನಾವು ಕರೆಂಟಿನ್ಯಾಗ ಆಡೂಣು. ದೀಪಾವಳಿ ಮುಂದ ಪಂದ್ಯಾ ಇಡೂಣು. ವಾನಳ್ಳಿಯವ್ರು, ದೊಡ್ಮನಿಯವ್ರು, ಯಲ್ಲಾಪುರದವ್ರು, ಎಲ್ಲಾರೂ ಬರ್ಲಿ. ಬಂದು ಬಾಯಿ ತಕ್ಕೊಂಡು ನಿಂದರ್ಲಿ."

ಯಾರ ಬಾಯಿ ತೆರೆಯಿತೋ ಆಮೇಲೆ ಹೇಳುತ್ತೇನೆ. ಪಂಚಾಯ್ತಿಯವರು ಒಂದು ಕಂಬ ಕೊಟ್ಟರು. ನಾಲ್ಕು ದಪ್ಪ ಬಲ್ಬುಗಳು ಬಂದವು. ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ ಅದಕ್ಕೊಂದು ತಗಡಿನ ಮರೆ ಮಾಡಿಸಿದೆವು. ತಗಡಿನ ಒಳಮೈಯನ್ನು ನಾನು ಹುಣಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದೆ. ಪುಸ್ತಕಕ್ಕೆ ಅಷ್ಟು ತಿಕ್ಕಿದ್ದರೆ ಮ್ಯಾಟ್ರಿಕ್ ಆಗುತ್ತಿತ್ತು.

ಚೌತಿ ಕಳೆದು ಮಳೆ ಹೊಳವಾಗಿ ಆಕಾಶ ತಿಳಿಯಾದ ಮೇಲೆ ದೀಪ ಹತ್ತಿತು. ಅದನ್ನು ಬೀದಿ ದೀಪದ ತಂತಿಗೇ ಸಿಕ್ಕಿಸಿದ್ದರು. ಬೀದಿ ದೀಪ ಮುಸ್ಸಂಜೆಗೆ ಹತ್ತಿದರೆ ಇದೂ ಹತ್ತಬೇಕು, ಅದು ಬೆಳಗಿನಲ್ಲಿ ಆರಿದರೆ ಇದೂ ಆರಬೇಕು. ನಾವು ಆಡುತ್ತಿದ್ದದ್ದು ಊಟದ ಹೊತ್ತಿನವರೆಗೆ. ಉಳಿದ ರಾತ್ರಿಯೆಲ್ಲ ಖಾಲಿ ಮೈದಾನದಲ್ಲಿ ದೀಪವೊಂದೇ ಅಭ್ಯಾಸ ಮಾಡುತ್ತಿತ್ತು. ಬೇರೆ ಸ್ವಿಚ್ಚು ಹಾಕಿಸೋಣ ಎಂದು ಯಾರೋ ಅಂದರು. "ಉರೀಲಿ ಬಿಡ್ರಿ, ಊರಿಗೆ ಕಳೆ" ಎಂದ ಕ್ಯಾಪ್ಟನ್.

ಕಳೆ ಎಲ್ಲರಿಗೂ ಹಿಡಿಸಲಿಲ್ಲ. ಹುಂಜಗಳು ಊಟದ ಹೊತ್ತಿಗೇ ಕೂಗತೊಡಗಿದವು. ಕೂಗಿದ್ದು ನಾನೇ ಎಂದು ಅರ್ಧ ಊರು ನಂಬಿ ನನ್ನನ್ನು ಬೈಯಿತು. ಕತ್ತಲಾದ ಮೇಲೆ ಚೊಂಬು ಹಿಡಿದು ಬದುವಿನಾಚೆ ಹೋಗುತ್ತಿದ್ದ ಹೆಂಗಸರಿಗೆ ಕತ್ತಲೆಯೇ ಇಲ್ಲವಾಯಿತು. ಅವರು ಅರ್ಧ ಮೈಲಿ ಸುತ್ತಿ ಕೆರೆಯ ಹಿಂದಕ್ಕೆ ಹೋಗಬೇಕಾಯಿತು. ಇದನ್ನು ಯಾರೂ ಪಂಚಾಯ್ತಿಯಲ್ಲಿ ಎತ್ತಲಿಲ್ಲ. ಎತ್ತುವುದು ಹೇಗೆ? ಪಂಚಾಯ್ತಿಯಲ್ಲಿ ಕೂತವರೆಲ್ಲ ಗಂಡಸರು.

ನನ್ನ ಕಷ್ಟ ಬೇರೆ. ಚೆಂಡು ಮೂರು ಸಂಜೆ ಸತತವಾಗಿ ನನ್ನ ಮೂಗಿನ ಮೇಲೇ ಬಿತ್ತು. ದೀಪ ಕಣ್ಣಿಗೆ ಹೊಡೆಯುತ್ತಿದೆ ಎಂದೆ. ಯಾರೂ ನಂಬಲಿಲ್ಲ. ನಾನೇ ಕಂಬ ಹತ್ತಿ ತಗಡನ್ನು ಆಚೆ ತಿರುಗಿಸಿದೆ. ಬೆಳಕಿನಲ್ಲಿ ಅರ್ಧ ಮೈದಾನಕ್ಕೆ ಉಳಿಯಿತು, ಇನ್ನರ್ಧ ಬದು ದಾಟಿ ಪಕ್ಕದ ಗದ್ದೆಯ ಮೇಲೆ ಚೆಲ್ಲಿತು. ಚೆಂಡು ಮರುದಿನವೂ ಮೂಗಿನ ಮೇಲೇ ಬಿತ್ತು. ಆಗ ನನ್ನನ್ನು ಆಟದಿಂದ ತೆಗೆದು, ಕೈಗೊಂದು ತಗಡಿನ ಕಹಳೆ ಕೊಟ್ಟು, ಆಟ ನೋಡಿ ಕೂಗಿ ಹೇಳುವ ಕೆಲಸಕ್ಕೆ ಹಚ್ಚಿದರು.

ಆ ಗದ್ದೆ ಮಾಡುತ್ತಿದ್ದವರು ಗಂಡಹೆಂಡತಿ ಇಬ್ಬರು, ನಡುವಯಸ್ಸು ದಾಟಿದವರು. ಅವರಿಗಿದ್ದದ್ದು ಅದೊಂದೇ ಗದ್ದೆ. ಅಲ್ಲಿ ಬೆಳೆದದ್ದೇ ವರ್ಷದ ಗಂಜಿ, ವರ್ಷದ ಅನ್ನ. ಆತ ಯಾರು ಏನು ಹೇಳಿದರೂ ಹೌದು ಎನ್ನುವ ಮನುಷ್ಯ. ಆಕೆ ಕಣ್ಣಿಗೆ ಕಾಣದ್ದಕ್ಕೆ ಹೌದು ಅನ್ನುವವಳಲ್ಲ. ಎರಡೇ ದಿನದಲ್ಲಿ ಬದು ಹತ್ತಿ ಬಂದಳು.

"ಮಾಸ್ತರ ಮಗನೆ, ಆ ದೀಪ ಒಂಚೂರು ಆಚೆ ತಿರುಗ್ಸಾ. ಗದ್ದೆಗೆ ರಾತ್ರಿ ಅಂಬುದೇ ಇಲ್ಲ. ನಂಗೆ ಸಮ ಕಾಣೂದಿಲ್ಲ."

"ಪುಕ್ಕಟೆ ಬೆಳಕು ಅಕ್ಕಾ, ಬೇಡ ಅಂತ್ಯಲೆ" ಎಂದು ನಕ್ಕೆ. ಹುಡುಗರೂ ನಕ್ಕರು. ನಗು ಸಿಕ್ಕಿದರೆ ನನಗೆ ಸಾಕಾಗುವುದಿಲ್ಲ, ಇನ್ನಷ್ಟು ಬೇಕು. ಆ ಸಂಜೆಯೇ ಕಹಳೆ ಬಾಯಿಗಿಟ್ಟು ಗ್ರಾಮಸೇವಕರಾದೆ.

ನಮ್ಮ ಗ್ರಾಮಸೇವಕರು ಸೈಕಲ್ಲಿನ ಮೇಲೆ ಹಳ್ಳಿಹಳ್ಳಿ ಸುತ್ತಿ ಜಪಾನೀ ಪದ್ಧತಿಯ ಭತ್ತ ನಾಟಿ ಹೇಳಿಕೊಡುತ್ತಿದ್ದವರು. ನಾಲ್ಕು ಮಾತಿಗೊಮ್ಮೆ ಗಂಟಲಲ್ಲಿ ಹ್ಞಂ ಎನ್ನುವುದು, ದಿಕ್ಕು ಯಾವುದೇ ಇರಲಿ "ಈ ದಿಶೆಯಲ್ಲಿ" ಎನ್ನುವುದು ಅವರ ರೂಢಿ.

"ರೈತ ಬಾಂಧವರೇ, ಹ್ಞಂ, ಈ ದಿಶೆಯಲ್ಲಿ ಯೋಚಿಸಿ. ಹಗಲಿನ ಬೆಳಕಷ್ಟೇ ಉಂಡ ಬೆಳೆ ಇಷ್ಟು ಬಂದರೆ, ಹ್ಞಂ, ಹಗಲೂ ರಾತ್ರಿ ಉಂಡ ಬೆಳೆ ಎಷ್ಟು ಬಂದೀತು? ಬೆಳಕೇ ಗೊಬ್ಬರ. ಕಂಬವೇ ಕೊಟ್ಟಿಗೆ. ದೀಪದಡಿಯ ಗದ್ದೆಗೆ, ಹ್ಞಂ, ಬೇರೇನೂ ಬೇಡ."

ಮೈದಾನದಲ್ಲಿ ಹುಡುಗರು ಹೊಟ್ಟೆ ಹಿಡಿದುಕೊಂಡು ಬಿದ್ದರು. ಗದ್ದೆಯ ಆ ತುದಿಯಲ್ಲಿ ಏಡಿ ತೂತು ಮುಚ್ಚುತ್ತಿದ್ದ ಗಂಡನಿಗೆ ನಗು ಕೇಳಿಸಲಿಲ್ಲ, ಮಾತು ಮಾತ್ರ ಕೇಳಿಸಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದನಂತೆ: "ಸುಮ್ನಿರೇ, ಗ್ರಾಮಸೇವಕರೇ ಬಂದು ಹೇಳ್ಯಾರೆ. ಬೆಳಕು ಒಳ್ಳೇದಂತೆ." ಆಮೇಲೆ ಆಕೆ ದೀಪದ ಮಾತು ಎತ್ತಿದಾಗಲೆಲ್ಲ ಆತ ಅದನ್ನೇ ಹೇಳಿ ಬಾಯಿ ಮುಚ್ಚಿಸಿದನಂತೆ.

ಗದ್ದೆಯೂ ನನ್ನ ಪರವಾಗಿಯೇ ಸಾಕ್ಷಿ ಹೇಳಿತು. ದೀಪ ಬಿದ್ದಷ್ಟು ಜಾಗ, ಬೀಸಣಿಗೆ ಬಿಚ್ಚಿದ ಹಾಗೆ, ಕಡುಹಸಿರಾಗಿ ಸೊಕ್ಕಿ ನಿಂತಿತು. ಸುತ್ತಲಿನ ಗದ್ದೆಗಳಲ್ಲಿ ಅಂಥ ಹಸಿರು ಎಲ್ಲೂ ಇರಲಿಲ್ಲ. "ನಮ್ಮ ಕ್ಲಬ್ಬಿನ ಕರೆಂಟು ನೋಡ್ರಿ" ಎಂದು ಕ್ಯಾಪ್ಟನ್ ಬೀಡಿಗೆ ಬಂದವರಿಗೂ ಬೆಲ್ಲಕ್ಕೆ ಬಂದವರಿಗೂ ತೋರಿಸಿದ.

ಒಂದು ಮಧ್ಯಾಹ್ನ ನಿಜವಾದ ಗ್ರಾಮಸೇವಕರು ಬಂದರು. ನಾನು ಅಂಗಡಿಯ ಕಟ್ಟೆಯ ಮೇಲಿದ್ದೆ. ಗದ್ದೆಯವನು ಕೈಮುಗಿದು, "ನೀವು ಹೇಳಿದ ಹಂಗೇ ಆತು ಸಾಮಿ, ಬೆಳಕೇ ಗೊಬ್ಬರ" ಎಂದ. ಗ್ರಾಮಸೇವಕರು ಗದ್ದೆ ನೋಡಿದರು, ಆ ಹಸಿರು ನೋಡಿದರು, ಹೇಳಿದರು: "ಹ್ಞಂ. ಹೌದು. ಈ ದಿಶೆಯಲ್ಲಿ ನಾನು ಮೊದಲೇ ಹೇಳಿದ್ದೆ."

ಅಸಲೇ ನಕಲಿನ ಅನುಕರಣೆ ಮಾಡಿದ್ದನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೊಂದೇ ಸಲ. ನನ್ನ ಸುಳ್ಳಿಗೆ ಸರಕಾರದ ಮುದ್ರೆ ಬಿತ್ತು. ಆಗ ಬಾಯಿ ಬಿಟ್ಟಿದ್ದರೆ ಗದ್ದೆ ಉಳಿಯುತ್ತಿತ್ತು. ಇಡೀ ದಿನ ಮುಚ್ಚದ ನನ್ನ ಬಾಯಿ ಆ ಹೊತ್ತು ಮಾತ್ರ ಮುಚ್ಚಿಯೇ ಇತ್ತು. ಗ್ರಾಮಸೇವಕರು ಮೇಲಕ್ಕೆ ವರದಿ ಬರೆದರು. ತಾಲೂಕಿನ ಸಾಹೇಬರು ಗದ್ದೆ ನೋಡಲು ಬರುವುದೆಂದು ಗೊತ್ತಾಯಿತು. ಅವರು ಆರಿಸಿಕೊಂಡ ದಿನ ಭೂಮಿ ಹುಣ್ಣಿಮೆ.

ಆ ಹೊತ್ತಿಗೆ ನಮ್ಮ ಕಡೆಯ ಭತ್ತ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಹೊರಬರದೆ ದಂಟಿನ ಹೊಟ್ಟೆಯೊಳಗೇ ಇರುತ್ತದೆ. ಭೂಮಿ ಬಸುರಿ ಎಂದು ಆವತ್ತು ಅವಳಿಗೆ ಸೀಮಂತ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯ ಅಡುಗೆ ಹೊತ್ತು ಬೆಳಗಿನ ಜಾವವೇ ಗದ್ದೆಗೆ ಹೋಗುತ್ತಾರೆ. ಅವಳಿಗೆ ಬಡಿಸಿ, ಆಮೇಲೆ ಬದುವಿನ ಮೇಲೆ ಕೂತು ಮನೆಯವರು ಉಣ್ಣುತ್ತಾರೆ.

ಜೀಪು ಬಂದಾಗ ಬಿಸಿಲೇರಿತ್ತು. ಉಳಿದ ಗದ್ದೆಗಳವರ ಊಟ ಮುಗಿದಿತ್ತು. ಆಕೆ ಮಾತ್ರ ಬುಟ್ಟಿಯ ಬಟ್ಟೆಯನ್ನೂ ಬಿಚ್ಚದೆ ಬದುವಿನ ಮೇಲೆ ಕೂತಿದ್ದಳು. "ಭಲೇ, ಏನು ಹಸಿರು!" ಎಂದರು ಸಾಹೇಬರು. ಗ್ರಾಮಸೇವಕರು ಹ್ಞಂ ಎಂದರು. ಕ್ಯಾಪ್ಟನ್ ಎದೆ ಉಬ್ಬಿಸಿದ.

ಆಕೆ ಎದ್ದು ಹೋಗಿ ಆಚೆಯ ಗದ್ದೆಯದೊಂದು ದಂಟು, ತನ್ನ ಗದ್ದೆಯದೊಂದು ದಂಟು ಕಿತ್ತು ತಂದು, ಸಾಹೇಬರ ಎದುರೇ ಎರಡನ್ನೂ ಉಗುರಿನಿಂದ ಸೀಳಿದಳು. ಒಂದರೊಳಗೆ ಹಾಲಿನ ಬಣ್ಣದ ಎಳೆ ತೆನೆ. ಇನ್ನೊಂದರೊಳಗೆ ಎಲೆಯೊಳಗೆ ಎಲೆ, ಅದರೊಳಗೆ ಇನ್ನೊಂದು ಎಲೆ, ಮುಗಿಯಿತು.

"ನೋಡಿ ಸಾಹೇಬ್ರೆ. ಬಯಕೆ ಅಡುಗೆ ನಾ ಹೊತ್ತು ತಂದೇನೆ. ಉಂಬ ಬಸ್ರಿ ಎಲ್ಲವಳೆ, ನೀವೇ ತೋರ್ಸಿ."

ಸಾಹೇಬರು ಬೂಟು ಕಳಚಿ ಗದ್ದೆಗಿಳಿದರು. ದೀಪ ಬಿದ್ದ ಕಡೆ ಎಲ್ಲಿ ಸೀಳಿದರೂ ಖಾಲಿ. ಬದುವಿನ ಮೇಲೊಂದು ಹೊನ್ನೆ ಮರವಿತ್ತು. ರಾತ್ರಿ ಅದರ ನೆರಳು ಬೀಳುತ್ತಿದ್ದ ಒಂದು ಉದ್ದನೆಯ ಪಟ್ಟಿಯಲ್ಲಿ ಮಾತ್ರ, ಗೆರೆ ಎಳೆದು ಹಂಚಿಟ್ಟ ಹಾಗೆ, ದಂಟುಗಳ ಹೊಟ್ಟೆ ಉಬ್ಬಿತ್ತು. ಮತ್ತೆ ಯಾವ ವರದಿಯೂ ಬೇಕಿರಲಿಲ್ಲ. ಸಾಹೇಬರು ಗ್ರಾಮಸೇವಕರ ಕಡೆ ತಿರುಗಿದರು.

"ಬೆಳಕೇ ಗೊಬ್ಬರ ಎಂದು ಇವರಿಗೆ ಹೇಳಿದವರು ನೀವಂತೆ?"

"ನಾನೇ? ಛೆ, ನಾನೆಲ್ಲಿ ಹೇಳಿದೆ ಸರ್?"

"ಹೇಳಿದ್ರಲ್ರಾ ಸಾಮಿ" ಎಂದ ಗಂಡ, ಅಳುವ ಹಾಗೆ. "ಸಂಜೆ ಹೊತ್ತು, ಕಹಳೇಲಿ. ನನ್ನ ಕಿವಿಯಾರೆ ಕೇಳೇನೆ."

ಹುಡುಗರೆಲ್ಲ ನನ್ನ ಕಡೆ ನೋಡಿದರು. "ಅದು ನಾನು" ಎಂದೆ. ಯಾರದೋ ಧ್ವನಿಯಲ್ಲಿ ಹೇಳಲು ನೋಡಿದೆ, ಯಾವುದೂ ಬರಲಿಲ್ಲ. ನನ್ನ ಸ್ವಂತ ಧ್ವನಿ ಅಷ್ಟು ಸಣ್ಣದೆಂದು ನನಗೂ ಆಗಲೇ ಗೊತ್ತಾದದ್ದು. ಗಂಡ ನನ್ನನ್ನು ಬೈಯಲಿಲ್ಲ. "ನಗಾಡೂ ಹಂಗಿದ್ರೆ ನಾನೂ ನಗಾಡ್ತಿದ್ದೆ ತಮಾ" ಎಂದಷ್ಟೇ ಹೇಳಿ ಅತ್ತ ತಿರುಗಿದ. ಆಮೇಲೆ ಅಪ್ಪಯ್ಯ ಮನೆಯಲ್ಲಿ ಕೊಟ್ಟ ಪೆಟ್ಟುಗಳು ನನಗೆ ಈಗ ನೆನಪಿಲ್ಲ. ಈ ಮಾತು ಇದೆ.

ಮುಂದಾದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ಮಧ್ಯಾಹ್ನವೇ ಬಲ್ಬುಗಳು ಇಳಿದವು, ಕಂಬ ಹತ್ತಿದವನು ನಾನೇ. ಪಂದ್ಯ ಹಗಲಿಗೇ ನಡೆಯಿತು. ಯಲ್ಲಾಪುರದವರು ಹೊತ್ತು ಮುಳುಗುವ ಮೊದಲೇ ನಮ್ಮನ್ನು ಸೋಲಿಸಿ ಬಸ್ಸು ಹಿಡಿದರು. ಬಾಯಿ ತೆರೆದು ನಿಂತವರು ನಾವು. ಕತ್ತಲೆ ಸಿಕ್ಕಿದ ಗದ್ದೆಗೆ ತಿಂಗಳ ಮೇಲೆ ಹೊಡೆ ಬಂತು, ಅಷ್ಟರಲ್ಲಿ ನೀರು ಬತ್ತಿತ್ತು. ಕ್ಯಾಪ್ಟನ್ ಮತ್ತು ನಾನು ಕೆರೆಯಿಂದ ನೀರು ಹೊತ್ತು ಹಾಕಿದೆವು. ಆದರೂ ಅರ್ಧಕ್ಕರ್ಧ ಜೊಳ್ಳು. ತಂಡದವರು ತಮ್ಮ ತಮ್ಮ ಮನೆಯ ಭತ್ತ ತಂದು ಅವರ ಜಗಲಿಯ ಮೇಲಿಟ್ಟರು. ಆಕೆ ಬೇಡ ಅನ್ನಲಿಲ್ಲ, ಕೂತುಕೊಳ್ಳಿ ಅಂತಲೂ ಅನ್ನಲಿಲ್ಲ. ಮರುವರ್ಷದಿಂದ ದೀಪಕ್ಕೆ ಬೇರೆ ಸ್ವಿಚ್ಚು, ಗದ್ದೆಯ ಕಡೆಗೆ ಉದ್ದ ತಗಡು. ಕೊಯ್ಲು ಮುಗಿದ ಮೇಲೆ ಹಚ್ಚುವುದು, ಆಟ ಮುಗಿದೊಡನೆ ಆರಿಸುವುದು.

ಆದರೆ ಆ ಬೆಳಿಗ್ಗೆ ಇದು ಇಷ್ಟು ಸಲೀಸಾಗಿ ಇತ್ಯರ್ಥವಾಗುವಂತೆ ಕಾಣಲಿಲ್ಲ. ಸಾಹೇಬರು ಧಾರವಾಡದ ತಜ್ಞರಿಗೆ ಬರೆದು ಕೇಳೋಣ ಎಂದರು. ಗ್ರಾಮಸೇವಕರು ಸೈಕಲ್ಲಿನ ಗಾಳಿ ನೋಡುತ್ತ ನಿಂತರು. ಪಂದ್ಯದ ಕರೆ ಕಳಿಸಿಯಾಗಿದ್ದ ಕ್ಯಾಪ್ಟನ್ ಸೋಲಲು ತಯಾರಿರಲಿಲ್ಲ.

"ಪಂದ್ಯಾ ಮುಗಿಯೂತನಾ ತಡೀರಿ ಅಕ್ಕಾರ. ಇದು ದೀಪದ್ದ ಅಂತ ಹೆಂಗ್ ಹೇಳ್ತೀರಿ? ಬೆಳಕು ಬಿದ್ರ ಬಸುರು ನಿಂದರಂಗಿಲ್ಲೇನು? ದಿನಾ ಸೂರ್ಯನ ಬೆಳಕು ಬೀಳತೈತಲ್ರಿ?"

ಆಕೆ ಬುಟ್ಟಿಯನ್ನು ತಲೆಗೇರಿಸಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿ, ಇಡೀ ಬಯಲಿಗೆ ಕೇಳುವಂತೆ ಹೇಳಿದಳು:

"ಸಣ್ಣ ಸಾವ್ಕಾರ್ರೆ, ನಿಮ್ಮ ಮದ್ವೆ ಆದ್ದು ಹೋದ ಬ್ಯಾಸಗೀಲಿ ಅಲ್ದನ್ರಾ? ಇವತ್ತಿಂದ ದಿನಾ ರಾತ್ರಿ ನಾ ಬತ್ತೇನೆ. ಬೆಳಗಾಗೂ ತನಕ ನಿಮ್ಮ ಕ್ವಾಣೇಲಿ ದೀಪ ಹಿಡ್ಕಂಡು ನಿಲ್ತೇನೆ. ಹೆಂಡ್ತಿ ಸೀಮಂತ ಯಾವಾಗ ಮಾಡ್ತೀರಿ, ಹೇಳಿ."